ಗೋಧಿ ಹಂಚದ ಹೆಸರು

ಐದನೆಯ ಹೆಸರಿಗಾಗಿ ರಾಂಗೆಲ್ ಅಂಗೈ ಚಾಚಿಕೊಂಡೇ ನಿಂತಿದ್ದ. ಆ ಹೆಸರು ಬರಲಿಲ್ಲ.

"ನನ್ನ ಗಂಡ ಪೆನ್ಯೋ, ದೇವರು ಕ್ಷಮಿಸಲಿ," ಎಂದು ಸ್ತೋಯ್ನಾ ಅಜ್ಜಿ ಬೇಯಿಸಿದ ಗೋಧಿಯ ಮೊದಲ ಚಮಚ ಹಾಕಿದ್ದಳು. ಸಕ್ಕರೆ, ಅಕ್ರೋಟು ಬೆರೆಸಿದ ಗೋಧಿ, ಮೇಲೊಂದು ಜೋಡಿ ಚೆರ್ರಿ. "ನನ್ನಮ್ಮ ವೆಲಿಕಾ, ದೇವರು ಕ್ಷಮಿಸಲಿ. ನನ್ನ ತಮ್ಮ ಇಲ್ಕೋ, ಬದುಕಿರೋವರೆಗೂ ಒಂದು ದಿನಾನೂ ನನ್ನ ಮಾತು ಕೇಳಲಿಲ್ಲ, ಆದ್ರೂ ದೇವರು ಕ್ಷಮಿಸಲಿ. ನನ್ನ ತಂಗಿ ಗೆನಾ, ದೇವರು ಕ್ಷಮಿಸಲಿ."

ಅಷ್ಟಕ್ಕೆ ಡಬ್ಬಿಯ ಮುಚ್ಚಳ ಬಿತ್ತು. ಅಜ್ಜಿ ಗಂಡನ ಗೋರಿಯ ಮೇಲೆ ಅಕ್ರೋಟಿನ ಎಲೆಗಳನ್ನು ಸರಿಪಡಿಸಿ, ಉಳಿದ ಕೆಂಪು ದ್ರಾಕ್ಷಾರಸವನ್ನು ಮಣ್ಣಿಗೆ ಸುರಿದು, ಸೊಂಟ ಹಿಡಿದುಕೊಂಡು ಎದ್ದಳು.

ಅದು ಜೂನ್ ತಿಂಗಳ ಚೆರ್ರಿ ಶನಿವಾರ. ಯಾವೊರ್ನಾ ಎಂಬ ಆ ಗುಡ್ಡದ ಹಳ್ಳಿಯಲ್ಲಿ ಸತ್ತವರ ಪಾಲು ಹಂಚುವ ತನಕ ಯಾವ ಹೆಂಗಸೂ ಹೊಸ ಚೆರ್ರಿಯನ್ನು ಬಾಯಿಗೆ ಹಾಕುವುದಿಲ್ಲ. ಮರ ಬಾಗಿ ಅಂಗಳಕ್ಕೆ ಬಿದ್ದರೂ ಅಷ್ಟೇ. ಪಕ್ಕದ ಗೋರಿಯ ಹತ್ತಿರ ದೋಂಕಾ ಎಂಬ ಹೆಂಗಸು ತನ್ನ ಗಂಡನ ಕಲ್ಲಿನ ಮಗ್ಗುಲಲ್ಲಿ ಇನ್ನೊಂದು ಮೇಣದಬತ್ತಿ ಹಚ್ಚಿ, ಹಡಗಿನಲ್ಲಿ ಹೋಗಿ ಸಮುದ್ರದ ಪಾಲಾದ ಮಗನ ಹೆಸರು ಹೇಳಿ ರಾಂಗೆಲ್‌ನ ಅಂಗೈಗೆ ಮತ್ತಷ್ಟು ಗೋಧಿ ಹಾಕಿದಳು. ಗೋರಿ ಇಲ್ಲದವರಿಗೂ ಆ ದಿನ ಪಾಲು ಉಂಟು.

ಆದರೆ ಸೆವ್ದಾಳಿಗೆ ಇಲ್ಲ. ಹೆತ್ತವಳು ಸತ್ತ ಮೇಲೆ ಸ್ತೋಯ್ನಾ ಅಜ್ಜಿಯೇ ಸಾಕಿ ಬೆಳೆಸಿದ ತಂಗಿಯ ಮಗಳು, ನಾಲ್ಕು ವರ್ಷದ ಹಿಂದೆ ಸ್ಪೇನಿನಲ್ಲಿ ಬಸ್ಸು ಉರುಳಿ ಸತ್ತಳೆಂದು ಊರೆಲ್ಲ ಹೇಳುವ ಸೆವ್ದಾಳಿಗೆ ಒಂದು ಚಮಚ ಗೋಧಿಯೂ ಇಲ್ಲ.

ರಾಂಗೆಲ್ ಅಂಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡನೇ ಹೊರತು ರುಚಿ ಗೊತ್ತಾಗಲಿಲ್ಲ.

*

ಅವನ ಅಂಗಿಯ ಜೇಬಿನಲ್ಲಿ ಹತ್ತೊಂಬತ್ತು ಹೆಸರುಗಳ ಪಟ್ಟಿ ಇತ್ತು. ಗುಡ್ಡದ ಹುಲ್ಲುಗಾವಲನ್ನೆಲ್ಲ ಗುತ್ತಿಗೆಗೆ ಹಿಡಿದ ಕಾರಾಸ್ಲಾವೊವ್ ಎಂಬ ಧಣಿ ಸರ್ಕಾರದ ಸಹಾಯಧನವನ್ನು ಒಂದೇ ಹೆಸರಿನಲ್ಲಿ ಪಡೆದರೆ ಹೆಸರು ಎಲ್ಲರೂ ನೋಡುವ ಪಟ್ಟಿಯಲ್ಲಿ ಬರುತ್ತದೆ. ವರ್ಷಕ್ಕೆ ಸಾವಿರದ ಇನ್ನೂರೈವತ್ತು ಯೂರೋಗಿಂತ ಕಡಿಮೆ ಪಡೆಯುವ ಸಣ್ಣ ರೈತರ ಹೆಸರು ಮಾತ್ರ ಹೊರಗೆ ಬರುವುದಿಲ್ಲ. ಅವರ ಖಾಸಗಿತನ ಕಾಪಾಡಲೆಂದು ಬರಿಯ ಒಂದು ಸಂಖ್ಯೆ ಹಾಕುತ್ತಾರೆ. ಅದಕ್ಕೇ ಧಣಿ ಗುಡ್ಡವನ್ನು ಬೇರೆ ಬೇರೆಯವರ ಹೆಸರಿನಲ್ಲಿ ಹತ್ತೊಂಬತ್ತು ತುಂಡು ಮಾಡಿದ. ಹತ್ತೊಂಬತ್ತು ಸಂಖ್ಯೆಗಳ ಹಿಂದೆ ಕೂತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕುಡಿಯುತ್ತಿದ್ದ.

ಜಿಲ್ಲಾ ಪಟ್ಟಣದ ಒಂದು ಸಣ್ಣ ಪತ್ರಿಕೆ ಹದಿನಾಲ್ಕು ತಿಂಗಳು ಕೋರ್ಟಿಗೆ ಅಲೆದು, ಆ ಸಂಖ್ಯೆಗಳ ಹಿಂದಿನ ಹೆಸರು ಕೊಡಿ ಎಂದು ಕೇಳಿ, ಕಳೆದ ಮಂಗಳವಾರ ಗೆದ್ದಿತ್ತು. ಪತ್ರಿಕೆಗಾಗಿ ಪತ್ತೇದಾರಿಕೆ ಮಾಡುತ್ತಿದ್ದವನೇ ರಾಂಗೆಲ್. ಸೋಮವಾರ ಹೆಸರುಗಳು ಅಚ್ಚಾಗಬೇಕಿತ್ತು. ಹದಿನೆಂಟು ಮಂದಿ ಊರು ಬಿಟ್ಟು ಪರದೇಶ ಸೇರಿ ಎಷ್ಟೋ ಕಾಲವಾಗಿತ್ತು; ತಮ್ಮ ಹೆಸರಿನಲ್ಲಿ ಹುಲ್ಲು ಬೆಳೆಯುತ್ತಿರುವುದು ಅವರಿಗೆ ಗೊತ್ತೇ ಇಲ್ಲ. ಹತ್ತೊಂಬತ್ತನೆಯ ಹೆಸರು ಸೆವ್ದಾ.

ಆ ಹೆಸರು ನೋಡಿದಾಗ ರಾಂಗೆಲ್ ಮೇಜಿನ ಅಂಚು ಹಿಡಿದುಕೊಂಡಿದ್ದ. ನಾಲ್ಕು ವರ್ಷದ ಹಿಂದೆ ಅವನು ಪಟ್ಟಣದ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಕುರ್ಚಿಯಲ್ಲಿದ್ದ. ಮಣಿಕಟ್ಟು ಮುರಿದುಕೊಂಡ ಹೆಂಗಸೊಬ್ಬಳು ಬಂದಿದ್ದಳು. ಜೊತೆಗಿದ್ದವನು ಹೊಡೆಯುತ್ತಾನೆ ಎಂದಳು. ಮದುವೆ ಆಗಿದೆಯೇ ಎಂದರೆ ಇಲ್ಲ, ಸುಮ್ಮನೆ ಕೂಡಿ ಬಾಳುವವರು ಎಂದಳು. ಮನೆಜಗಳ ಎಂದುಕೊಂಡು ಅವನು ಪೆನ್ನಿನ ಟೊಪ್ಪಿಯನ್ನೂ ತೆಗೆಯಲಿಲ್ಲ. ಮನೆಗೆ ಹೋಗಮ್ಮ, ಬೆಳಗಾದರೆ ತಣ್ಣಗಾಗುತ್ತೆ ಎಂದು ಕಳಿಸಿಬಿಟ್ಟ.

ಎರಡು ತಿಂಗಳಿಗೆ ಬಸ್ ನಿಲ್ದಾಣದ ಗೋಡೆಯಲ್ಲಿ ಅವಳ ಫೋಟೋ, ಸೆವ್ದಾ ಎಂಬ ಹೆಸರು ಇದ್ದ ಸಾವಿನ ಚೀಟಿ ಕಂಡಿತು. ಸ್ಟ್ರಾಬೆರಿ ಕೀಳುವ ಕೂಲಿಗೆಂದು ಸ್ಪೇನಿಗೆ ಹೋದವಳು ಅಲ್ಲೇ ತೀರಿಕೊಂಡಳು, ಅಲ್ಲೇ ಮಣ್ಣಾದಳು ಎಂದು ಅದರಲ್ಲಿತ್ತು. ರಾಂಗೆಲ್ ಆ ವಾರವೇ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟ. ಹೆಂಡತಿಗೂ ಕಾರಣ ಹೇಳಲಿಲ್ಲ.

*

"ಅಜ್ಜಿ, ಬುಟ್ಟಿ ಕೊಡಿ. ನಾನು ಹೊತ್ಕೋತೀನಿ."

"ಪೊಲೀಸಪ್ಪ ಬುಟ್ಟಿ ಹೊರ್ತಾನೆ ಅಂದ್ರೆ ಬುಟ್ಟಿಯೊಳಗೆ ಅವನಿಗೇನೋ ಬೇಕಾಗಿದೆ ಅಂತಾನೇ ಅರ್ಥ."

"ನಾನೀಗ ಪೊಲೀಸಲ್ಲ ಅಜ್ಜಿ, ಪೇಪರಿನವನು."

"ಪೊರೆ ಬಿಟ್ರೂ ಹಾವು ಹಾವೇ ಕಣಪ್ಪ," ಎಂದಳು ಅಜ್ಜಿ. ಆದರೆ ಬುಟ್ಟಿ ಕೊಟ್ಟಳು. ಎಪ್ಪತ್ತೊಂಬತ್ತು ವರ್ಷದ ಮಂಡಿಗೆ ಆ ಏರುದಾರಿ ಸಲೀಸಲ್ಲ.

ಅಜ್ಜಿಯ ಗೇಟಿನ ಮೇಲೆ ಮೂರು ಸಾವಿನ ಚೀಟಿಗಳಿದ್ದವು. ಗಂಡ ಪೆನ್ಯೋನದು ಬಿಸಿಲಿಗೆ ಹಳದಿಯಾಗಿ, ಮೀಸೆ ಮಾತ್ರ ಉಳಿದಿತ್ತು. ತಂಗಿ ಗೆನಾಳದರ ಮೂಲೆ ಹರಿದಿತ್ತು. ಮೂರನೆಯದು ಹೊಚ್ಚಹೊಸದು. ಅದರಲ್ಲಿ ಸೆವ್ದಾ ನಗುತ್ತಿದ್ದಳು. ಕೆಳಗೆ "ನೀನಿಲ್ಲದ ನಾಲ್ಕು ವರ್ಷ" ಎಂದು ಅಚ್ಚಾಗಿತ್ತು. ಸತ್ತವರಿಗೆ ವರ್ಷ ವರ್ಷ ಚೀಟಿ ಬದಲಿಸುವುದು ಅಲ್ಲಿನ ಪದ್ಧತಿ, ಆದರೆ ಗಂಡನಿಗೆ ಬದಲಿಸದವಳು ತಂಗಿಯ ಮಗಳಿಗೆ ಮಾತ್ರ ತಪ್ಪದೆ ಬದಲಿಸುತ್ತಿದ್ದಾಳೆ.

ರಾಂಗೆಲ್ ಅಭ್ಯಾಸದಂತೆ ಟೋಪಿ ತೆಗೆದ. ನಾಲ್ಕು ವರ್ಷದಿಂದ ಈ ಮುಖ ಕಂಡಲ್ಲೆಲ್ಲ ಅವನು ಹಾಗೆಯೇ ಮಾಡುತ್ತಿದ್ದ. ಅಜ್ಜಿ ಅದನ್ನು ಓರೆಗಣ್ಣಿನಲ್ಲಿ ನೋಡಿ ಗೇಟು ತಳ್ಳಿದಳು.

ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಬೆಂಚಿತ್ತು. ಅಜ್ಜಿ ಕೂತಳು. ಅವನನ್ನು ಕೂರು ಎನ್ನಲಿಲ್ಲ. ಅವನು ನಿಂತೇ ಶುರುಮಾಡಿದ.

"ಸೆವ್ದಾ ಹೆಸರಲ್ಲಿ ಗೋಧಿ ಯಾಕೆ ಹಂಚಲಿಲ್ಲ ಅಜ್ಜಿ?"

"ಮರೆತೆ. ವಯಸ್ಸಾಯ್ತು."

"ಮಾತು ಕೇಳದ ತಮ್ಮ ನೆನಪಾದ. ಸಾಕಿದ ಮಗಳು ಮರೆತುಹೋದ್ಲಾ?"

"ಅವಳ ಗೋರಿ ಇಲ್ಲಿಲ್ವಲ್ಲ. ಸ್ಪೇನಲ್ಲಿದೆ."

"ದೋಂಕಾ ಮಗನ ಗೋರಿ ಸಮುದ್ರದಲ್ಲಿದೆ. ಅವನ ಪಾಲು ನನ್ನ ಕೈಗೇ ಬಂತು."

ಅಜ್ಜಿ ಬುಟ್ಟಿಯಿಂದ ಡಬ್ಬಿ, ಚಮಚ, ಬಾಟಲಿ ಒಂದೊಂದಾಗಿ ತೆಗೆದು ಬೆಂಚಿನ ಮೇಲಿಟ್ಟಳು. ಕೈ ಸಾವಧಾನವಾಗಿಯೇ ಇತ್ತು. ಬಾಯಿ ಮಾತ್ರ ಹರಿತವಾಯಿತು.

"ಪೇಪರಿನವರು ಅಂದ್ರೆ ಹೀಗೇ ನೋಡು. ದೊಡ್ಡೋನನ್ನ ಹಿಡೀತೀವಿ ಅಂತ ಹೊರಡ್ತೀರಿ, ಕೊನೆಗೆ ಬಡವರ ಸೆರಗು ಎಳೀತೀರಿ. ಯಾರ ಮನೇಲಿ ಎಷ್ಟು ಮೇಕೆ, ಯಾರಿಗೆ ಎಷ್ಟು ಬಂತು, ಎಲ್ಲ ಬೀದಿಗೆ ಹಾಕಬೇಕಾ?"

"ಸರ್ಕಾರದ ದುಡ್ಡು ಅಂದ್ರೆ ಊರಿನ ದುಡ್ಡು ಅಜ್ಜಿ. ಯಾರಿಗೆ ಹೋಯ್ತು ಅಂತ ಊರಿಗೆ ಗೊತ್ತಾಗಬೇಡ್ವಾ?"

"ದುಡ್ಡು ಊರಿಂದು ಕಣಪ್ಪ. ಹೆಸರು ಅವರವರದು."

ಕೋರ್ಟಿನಲ್ಲಿ ಎದುರು ಕಡೆಯ ಮೂವರು ವಕೀಲರು ಹದಿನಾಲ್ಕು ತಿಂಗಳು ಹೇಳಿದ್ದನ್ನು ಈ ಮುದುಕಿ ಎರಡು ಮಾತಿನಲ್ಲಿ ಮುಗಿಸಿದ್ದಳು.

ಅವನು ಪಟ್ಟಿ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಸೆವ್ದಾ ಹೆಸರಲ್ಲಿ ಮೂರು ವರ್ಷದಿಂದ ಸಹಾಯಧನ ಹೋಗ್ತಿದೆ. ನಿನ್ನೆ ಸಹಾಯಧನ ಕೊಡೋ ಕಚೇರಿಯ ಗುಮಾಸ್ತೆಗೆ ಫೋನ್ ಮಾಡಿ ಕೇಳ್ದೆ, ಸತ್ತವರಿಗೆ ಹೇಗಮ್ಮ ದುಡ್ಡು ಕಳಿಸ್ತೀರಿ ಅಂತ. ಅವಳು ನಕ್ಕಳು. ಸತ್ತವರ ಹೆಸರು ಹಾಕಿದ್ರೆ ನಮ್ಮ ಕಂಪ್ಯೂಟರ್ ಅರ್ಜಿನೇ ಉಗಿದುಬಿಡತ್ತೆ ಸಾರ್, ಜನನ ಮರಣದ ದಾಖಲೆ ನೋಡಿಯೇ ಒಳಗೆ ಬಿಡೋದು ಅಂದ್ಲು. ಸೆವ್ದಾ ಹೆಸರನ್ನ ಉಗಿಯಲಿಲ್ಲ. ಅಂದ್ರೆ ದಾಖಲೇಲಿ ಅವಳು ಸತ್ತಿಲ್ಲ."

"ಸ್ಪೇನಿನವರು ಕಾಗದ ಕಳಿಸೋದು ತಡ ಮಾಡಿರಬೇಕು."

"ನಾಲ್ಕು ವರ್ಷ?"

"ಸ್ಪೇನು ದೂರ ಕಣಪ್ಪ."

ಬೇರೆ ದಿನವಾಗಿದ್ದರೆ ಅವನು ನಕ್ಕುಬಿಡುತ್ತಿದ್ದ. ಈಗ ಬೆಂಚಿನ ಮೇಲಿನ ಡಬ್ಬಿಯ ಮುಚ್ಚಳ ತೆಗೆದ. ತಳದಲ್ಲಿ ಇನ್ನೂ ಎರಡು ಹಿಡಿ ಗೋಧಿ ಇತ್ತು. ಅವನು ಅಜ್ಜಿಯ ಮುಂದೆ ಮಂಡಿಯೂರಿ ಎರಡೂ ಅಂಗೈ ಜೋಡಿಸಿ ಚಾಚಿದ.

"ಒಂದು ಚಮಚ ಹಾಕಿ ಅಜ್ಜಿ. ಸೆವ್ದಾ, ದೇವರು ಕ್ಷಮಿಸಲಿ ಅಂತ ಒಂದು ಸಲ ಹೇಳಿ. ನಾನು ತಿಂದು ಎದ್ದುಹೋಗ್ತೀನಿ. ಮತ್ತೆ ಈ ಗೇಟು ತಟ್ಟಲ್ಲ. ನನ್ನ ತಾಯಿ ಮೇಲಾಣೆ."

ಅಜ್ಜಿ ಚಮಚ ಎತ್ತಿಕೊಂಡಳು. ಗೋಧಿ ತೆಗೆದಳು. ಚಮಚ ಅವನ ಅಂಗೈ ಮೇಲೆ ಬಂದು ನಿಂತಿತು.

ಅಜ್ಜಿಯ ತುಟಿ ಆಡಿತು, ಹೆಸರು ಹೊರಡಲಿಲ್ಲ. ಗೇಟಿಗೆ ಕಾಗದ ಅಂಟಿಸಿದ್ದಳು, ಊರಿಗೆಲ್ಲ ಸುಳ್ಳು ಹೇಳಿದ್ದಳು, ಪಾದ್ರಿಯ ಮುಂದೆಯೂ ಕಣ್ಣೊರೆಸಿಕೊಂಡಿದ್ದಳು. ಅದೆಲ್ಲ ಮನುಷ್ಯರ ಮುಂದಿನ ಆಟ. ಸತ್ತವರ ಗೋಧಿಯನ್ನು ಹೆಸರು ಹಿಡಿದು ಕೊಟ್ಟರೆ ಮಾತ್ರ ಅದು ಮನುಷ್ಯರಿಗೆ ಹೇಳಿದಂತಲ್ಲ. ಬದುಕಿದ್ದವಳನ್ನು ತಾನೇ ಕೈಯಾರೆ ಆಚೆ ದಡಕ್ಕೆ ಕಳಿಸಿಕೊಟ್ಟಂತೆ. ಚಮಚ ಕೆಳಗೆ ಬಿತ್ತು, ಕಾಳು ಅಂಗಳದ ತುಂಬ ಚೆಲ್ಲಿದವು.

"ಆಗಲ್ಲ ಕಣೋ," ಎಂದಳು ಅಜ್ಜಿ. "ನನ್ನ ಕೊಂದ್ರೂ ಆಗಲ್ಲ."

"ದೊಡ್ಡಮ್ಮ, ಸಾಕು ಬಿಡು."

ದನಿ ಮನೆಯ ಕೆಳಗಿನಿಂದ ಬಂತು. ಚೀಸ್ ಮಾಡುವ ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಅಂಗಿಯ ತೋಳು ಮಡಚಿಕೊಂಡು, ಹಾಲು ತಾಗಿದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಮೂವತ್ತೈದರ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಗೇಟಿನ ಮೇಲಿನ ಮುಖವೇ. ನಗು ಮಾತ್ರ ಇರಲಿಲ್ಲ. ಎಡ ಮಣಿಕಟ್ಟು ಒಂದು ಕಡೆಗೆ ಸೊಟ್ಟಗೆ ಕೂಡಿಕೊಂಡಿತ್ತು.

ರಾಂಗೆಲ್ ಮಂಡಿಯಿಂದ ಏಳಲಿಲ್ಲ. ಅರವತ್ತು ವರ್ಷದ ಗಂಡಸು ಚೆಲ್ಲಿದ ಗೋಧಿಯ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಅದು ದುಃಖವಾಗಿರಲಿಲ್ಲ. ನಾಲ್ಕು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಕೇಳದೆಯೇ ಎತ್ತಿಟ್ಟಿದ್ದರು. ಅವನಿಗೆ ಆ ಅಂಗಳದ ಮಣ್ಣಿಗೂ ಕೈಮುಗಿಯಬೇಕೆನಿಸಿತು.

"ಇದೇನಪ್ಪ ಇದು," ಎಂದಳು ಅಜ್ಜಿ ಗಾಬರಿಯಾಗಿ. "ಸಿಕ್ಕಿಬಿದ್ದೋರು ನಾವು. ಅಳೋದು ಇವನು."

"ನಿಮ್ಮ ಹೊಟ್ಟೆ ತಣ್ಣಗಿರಲಿ ಅಜ್ಜಿ," ಎಂದ ಅವನು. "ನನಗೆ ಸುಳ್ಳು ಹೇಳಿದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ."

*

ಸೆವ್ದಾ ಅವನನ್ನು ಮೊದಲ ನೋಟಕ್ಕೇ ಗುರುತಿಸಿದ್ದಳು. ಮೊಸರಿಗೆ ನೀರು ಬೆರೆಸಿ, ಉಪ್ಪು ಹಾಕಿ, ದೊಡ್ಡ ಲೋಟದಲ್ಲಿ ತಂದಿಟ್ಟಳು.

"ಅವತ್ತು ಠಾಣೇಲಿ ನೀವು ನನಗೊಂದು ಲೋಟ ನೀರು ಕೊಟ್ರಿ," ಎಂದಳು. "ಅದನ್ನ ಮರೆತಿಲ್ಲ."

"ಅದೊಂದೇ ಕೊಟ್ಟಿದ್ದು," ಎಂದ ರಾಂಗೆಲ್.

"ಹೌದು, ಅದೊಂದೇ." ಅವಳು ದನಿಯಲ್ಲಿ ಮುಳ್ಳು ಇಟ್ಟುಕೊಳ್ಳದೆ ಹೇಳಿದಳು, ಅದಕ್ಕೇ ಹೆಚ್ಚು ಚುಚ್ಚಿತು. "ಆಮೇಲೆ ಊರಿನ ಬಸ್ಸು ಹತ್ತಿದೆ. ಡ್ರೈವರ್ ನನ್ನ ಕೈ ನೋಡಿ ಟಿಕೆಟ್ ಹರೀಲಿಲ್ಲ. ಸಾವಿನ ಚೀಟಿಯ ಉಪಾಯ ಅವನದೇ. ಅಚ್ಚು ಹಾಕಿಸಿ, ಪಟ್ಟಣದಲ್ಲಿ ನನ್ನ ಹೊಡೀತಿದ್ದ ದಾಂಚೋ ಓಡಾಡೋ ಕಡೆಯೆಲ್ಲ ತಾನೇ ಅಂಟಿಸಿ ಬಂದ. ಇಲ್ಲಿ ನಲವತ್ತೊಂದು ಜನ ಇದ್ದಾರೆ ನೋಡಿ. ಎಲ್ಲರಿಗೂ ಗೊತ್ತು. ನಾಲ್ಕು ವರ್ಷದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ."

"ಪಾದ್ರಿಗೂ ಗೊತ್ತಾ?"

"ಅವರು ಪಕ್ಕದೂರಿನವರು. ನನ್ನನ್ನ ಪ್ರಾರ್ಥನೇಲಿ ನೆನೆಸ್ತಾರೆ ಪಾಪ."

ಊರ ಬಾಯಿಗೆ ಬೀಗ ಹಾಕಲಾಗದು ಎನ್ನುತ್ತಾರೆ. ಯಾವೊರ್ನಾದವರು ತಾವಾಗಿಯೇ ಹಾಕಿಕೊಂಡು ಕೀಲಿಯನ್ನು ಬಾವಿಗೆ ಎಸೆದಿದ್ದರು. ದೋಂಕಾ ಮೊದಲ ವರ್ಷ ತನ್ನ ಹಾಸಿಗೆಯನ್ನೇ ತಂದುಕೊಟ್ಟಳು, ಕುರಿಗಾಹಿ ದಿನಾ ಹಾಲು ತಂದು ಬಾಗಿಲಲ್ಲಿಟ್ಟ, ಅಂಗಡಿಯವಳು ಅಜ್ಜಿಯ ಚೀಲಕ್ಕೆ ಇಬ್ಬರ ರೊಟ್ಟಿ ಹಾಕಿ ಒಬ್ಬಳದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಸೆವ್ದಾ ಒಬ್ಬೊಬ್ಬರದನ್ನೂ ಬಿಡದೆ ಹೇಳಿದಳು. ಇವರೆಲ್ಲರ ಋಣ ತೀರಿಸಲು ಈ ಜನ್ಮ ಸಾಲದು ಎಂದಳು.

ರಾಂಗೆಲ್ ಮೊಸರು ನೀರನ್ನು ಕೊನೆಯ ಹನಿಯವರೆಗೆ ಕುಡಿದ. ಅಷ್ಟು ರುಚಿಯಾದುದನ್ನು ಅವನು ಎಷ್ಟೋ ವರ್ಷದಿಂದ ಕುಡಿದಿರಲಿಲ್ಲ.

"ಆದ್ರೆ ಒಂದು ಮಾತು ಹೇಳಮ್ಮ. ಹೀಗೆ ಅಡಗಿಕೊಂಡವಳು ಸಹಾಯಧನಕ್ಕೆ ಯಾಕೆ ಅರ್ಜಿ ಹಾಕ್ದೆ?"

"ಯಾವ ಅರ್ಜಿ?"

"ಹುಲ್ಲುಗಾವಲಿಂದು."

"ನಾನು ಗೇಟು ದಾಟಿ ನಾಲ್ಕು ವರ್ಷ ಆಯ್ತು. ಅರ್ಜಿ ಎಲ್ಲಿಂದ ಹಾಕಲಿ?"

ರಾಂಗೆಲ್ ಕೋಟಿನ ಒಳಜೇಬಿನಿಂದ ಕೋರ್ಟು ಕೊಡಿಸಿದ ಅರ್ಜಿಯ ಪ್ರತಿ ತೆಗೆದ. ಸೆವ್ದಾ ಅದನ್ನು ಬೆಳಕಿಗೆ ಹಿಡಿದಳು. ಹೆಸರು ತನ್ನದೇ. ಹುಟ್ಟಿದ ದಿನ, ಗುರುತಿನ ಚೀಟಿಯ ಸಂಖ್ಯೆ ಎಲ್ಲ ತನ್ನದೇ. ಸಹಿ ತನ್ನದಲ್ಲ. ಬೆರಳು ಇನ್ನೂ ಕೆಳಗಿಳಿದು ವಿಳಾಸದ ಸಾಲಿನ ಮೇಲೆ ನಿಂತುಬಿಟ್ಟಿತು.

"ಇದು ದಾಂಚೋ ಮನೆ."

"ಏನಂದೆ?"

"ಮಿಲ್ಲಿನ ಹಿಂದಿನ ಬೀದಿ, ಹದಿನೇಳನೇ ನಂಬರ್, ಎರಡನೇ ಮಹಡಿ. ಆರು ವರ್ಷ ಇದ್ದ ಮನೆ. ನನ್ನ ಗುರುತಿನ ಚೀಟಿಯ ಜೆರಾಕ್ಸ್ ಅಲ್ಲೇ ಬಿಟ್ಟುಬಂದಿದ್ದೆ." ಅವಳು ಬೆಂಚಿನ ಮೇಲೆ ಕುಸಿದಳು. "ಅವನೀಗ ಕಾರಾಸ್ಲಾವೊವ್ ಹತ್ರ ಜೀಪ್ ಓಡಿಸ್ತಾನಂತೆ. ಬಸ್ ಡ್ರೈವರ್ ಹೇಳಿದ್ದ."

ರಾಂಗೆಲ್‌ಗೆ ಮುಖಕ್ಕೆ ಹೊಡೆದಂತಾಯಿತು. ನಾಲ್ಕು ದಿನದಿಂದ ಆ ವಿಳಾಸ ಅವನ ಜೇಬಿನಲ್ಲೇ ಇತ್ತು. ಎಷ್ಟು ಸಲ ಓದಿದ್ದ. ಅಂದು ಠಾಣೆಯಲ್ಲಿ ಪೆನ್ನು ತೆರೆದು ಒಂದು ಸಾಲು ದೂರು ಬರೆದುಕೊಂಡಿದ್ದರೆ, ಹೊಡೆದವನ ಹೆಸರು, ವಿಳಾಸ ಬರೆದುಕೊಂಡಿದ್ದರೆ, ಮಂಗಳವಾರವೇ ಗೊತ್ತಾಗುತ್ತಿತ್ತು. ತನ್ನ ಸೋಮಾರಿತನಕ್ಕೆ ಈ ಹೆಂಗಸು ಎರಡನೆಯ ಸಲ ಬೆಲೆ ತೆರುವಂತಾಯಿತೇ ಎಂದು ಅವನಿಗೆ ನಾಚಿಕೆಯಾಯಿತು.

"ಹಾಗಾದ್ರೆ ಅವನಿಗೆ ನಾನು ಬದುಕಿರೋದು ಗೊತ್ತು," ಎಂದಳು ಸೆವ್ದಾ. "ನನ್ನ ಹೆಸರು ಹಾಕಿ ನೋಡಿದಾನೆ, ಕಂಪ್ಯೂಟರ್ ಉಗೀಲಿಲ್ಲ. ಮೂರು ವರ್ಷದಿಂದ ಗೊತ್ತು. ಆ ಚೀಟಿ ನನ್ನ ಕಾಯ್ತಿದೆ ಅಂದ್ಕೊಂಡು ನಾನು ದಿನಾ ಅದಕ್ಕೆ ಕೈ ಮುಗೀತಿದ್ದೆ."

"ಮತ್ತೆ ಯಾಕೆ ಹುಡುಕಲಿಲ್ಲ?" ಎಂದಳು ಅಜ್ಜಿ.

"ಸತ್ತೋಳು ಬಾಯಿ ಬಿಡಲ್ವಲ್ಲ ದೊಡ್ಡಮ್ಮ. ನಾನು ಸುಮ್ಮನಿದ್ದಷ್ಟು ದಿನ ಅವರಿಗೆ ಒಳ್ಳೇದು."

ರಾಂಗೆಲ್ ಎದ್ದು ನಿಂತ. "ಸೋಮವಾರದ ಪಟ್ಟಿಯಿಂದ ನಿನ್ನ ಹೆಸರು ತೆಗೆಸ್ತೀನಿ. ಸಂಪಾದಕಿ ಏನೇ ಅನ್ನಲಿ. ಹದಿನೆಂಟು ಹೆಸರು ಸಾಕು."

"ಆ ಹದಿನೆಂಟು ಜನ ಎಲ್ಲಿದ್ದಾರೆ?"

"ಪರದೇಶದಲ್ಲಿ. ಯಾರಿಗೂ ವಾಪಸ್ ಬರೋ ಮನಸ್ಸಿಲ್ಲ."

"ಅಂದ್ರೆ ಈ ಸಹಿ ನಂದಲ್ಲ ಅಂತ ಕೋರ್ಟಲ್ಲಿ ನಿಂತು ಹೇಳೋಳು ನಾನೊಬ್ಬಳೇ."

ಅವಳು ಹೇಳಿದ್ದು ನಿಜವಾಗಿತ್ತು. ಅವಳ ಹೆಸರು ಮುಚ್ಚಿಟ್ಟರೆ ಧಣಿ ಬಚಾವು. ತೆರೆದರೆ ಅವಳು ಯಾವೊರ್ನಾದ ಅಂಗಳದಲ್ಲಿ ಬದುಕಿದ್ದಾಳೆಂದು ಜಿಲ್ಲೆಗೆಲ್ಲ ಡಂಗುರ. ಹದಿನಾಲ್ಕು ತಿಂಗಳು ಹೆಸರು ಬೇಕು, ಹೆಸರು ಬೇಕು ಎಂದು ಕೂಗಿದವನಿಗೆ ಈಗ ಒಂದು ಹೆಸರು ಕೈ ಸುಡುತ್ತಿತ್ತು.

"ಈ ಹೆಸರು ಹೊರಗೆ ಬರತ್ತೆ ಅಂತ ಅವನಿಗೆ ಗೊತ್ತಾ?" ಎಂದು ಅವಳು ಕೇಳಿದಳು.

ಗುಮಾಸ್ತೆ ಫೋನಿನಲ್ಲಿ ಹೇಳಿದ್ದ ಇನ್ನೊಂದು ಮಾತು ಆಗ ರಾಂಗೆಲ್‌ಗೆ ನೆನಪಾಯಿತು. ಆಗ ಅದು ಮುಖ್ಯವೆನಿಸಿರಲಿಲ್ಲ. ಹೆಸರು ಅಚ್ಚಾಗುವ ಮೊದಲು ಅವರವರಿಗೆ ತಿಳಿಸಬೇಕೆಂಬುದು ಕಾನೂನು. ಹತ್ತೊಂಬತ್ತು ಮಂದಿಗೂ ಬುಧವಾರವೇ ಕಾಗದ ಹೋಗಿತ್ತು. ಅರ್ಜಿಯಲ್ಲಿದ್ದ ವಿಳಾಸಕ್ಕೆ.

ಅವನು ಅದನ್ನು ಮುಚ್ಚಿಡಲಿಲ್ಲ. ಅವಳಿಗೆ ಸುಳ್ಳು ಹೇಳುವ ಹಕ್ಕು ತನಗೆ ಉಳಿದಿಲ್ಲವೆನಿಸಿ ಹೇಳಿಬಿಟ್ಟ.

ಸೆವ್ದಾ ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಅವಳ ಮುಖ ಸಡಿಲವಾಯಿತು.

"ಗೊತ್ತಾಗಲಿ ಬಿಡಿ. ನಾನು ಬದುಕಿದೀನಿ ಅಂತ ಗೊತ್ತಿರಬಹುದು, ಎಲ್ಲಿದೀನಿ ಅಂತ ಗೊತ್ತಿಲ್ಲ. ಸ್ಪೇನಲ್ಲಿ ಸ್ಟ್ರಾಬೆರಿ ಕೀಳ್ತಿದಾಳೆ ಅಂದ್ಕೊಂಡಿರ್ತಾನೆ. ಸೋಮವಾರ ನೀವು ಹೆಸರು ಹಾಕಿ. ನಾನು ನಿಮ್ಮ ಜೊತೆ ಬಂದು ಕೋರ್ಟಲ್ಲಿ ಹೇಳ್ತೀನಿ. ಆಮೇಲೆ ಈ ಗೇಟಿನ ಕಾಗದ ನಾನೇ ಕೈಯಾರೆ ಕೀಳ್ತೀನಿ." ಅವಳು ಮೊದಲ ಬಾರಿಗೆ ನಕ್ಕಳು. "ನೀವು ಬಂದಿದ್ದು ಒಳ್ಳೇದಾಯ್ತು ಕಣ್ರೀ. ನಾಲ್ಕು ವರ್ಷ ಸತ್ತಿದ್ದು ಸಾಕು."

ಒಬ್ಬಳ ಮುಂದೆ ಒಮ್ಮೆ ಬಾಗಿಲು ಹಾಕಿದವರಲ್ಲಿ ಅದೇ ಬಾಗಿಲು ತೆರೆಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ರಾಂಗೆಲ್ ಎಂದೂ ಚರ್ಚಿನೊಳಗೆ ಹೆಚ್ಚು ಹೊತ್ತು ನಿಂತವನಲ್ಲ. ಆದರೂ ಆ ಮಧ್ಯಾಹ್ನ ಮನಸ್ಸಿನಲ್ಲೇ ದೇವರಿಗೆ ಅಡ್ಡಬಿದ್ದ.

ಒಳಗೆ ಫೋನ್ ಬಡಿದುಕೊಂಡಿತು.

ಅಜ್ಜಿಯ ಮುಖ ಅರಳಿತು. "ನನ್ನ ಮಗ. ಶನಿವಾರ ಜರ್ಮನಿಯಿಂದ ಮಾಡ್ತಾನೆ." ಅವಳು ಮೊಬೈಲನ್ನು ಹೊರಗೆ ತಂದು, ಕಿವಿ ಮಂದವಾದ್ದರಿಂದ, ಎಲ್ಲರಿಗೂ ಕೇಳುವ ಗುಂಡಿ ಒತ್ತಿ ಮೇಜಿನ ಮೇಲಿಟ್ಟಳು.

"ಅಮ್ಮಾ, ಕೇಳಿಸ್ತಿದೆಯಾ?"

"ಈಗ ಕೇಳಿಸ್ತಿದೆ ಕಣೋ. ಆಗ್ಲೇ ಯಾಕೆ ಮಾತಾಡ್ದೆ ಇಟ್ಟುಬಿಟ್ಟೆ? ನಾನು ಸ್ಮಶಾನಕ್ಕೆ ಹೊರಟಿದ್ದೆ, ಕನ್ನಡಕ ಇಲ್ಲ, ಯಾರು ಅಂತ ನೋಡೋಕೂ ಆಗಲಿಲ್ಲ. ಇರು, ಸೆವ್ದಾ ಕೆಳಗೆ ಚೀಸ್ ಕಟ್ತಿದಾಳೆ, ಅವಳಿಗೇ ಕೊಡ್ತೀನಿ ಅಂದ್ನಲ್ಲ. ಅಷ್ಟರಲ್ಲಿ ಕಟ್ಟಾಯ್ತು."

"ಅಮ್ಮಾ, ನಾನೀಗ ತಾನೇ ಡ್ಯೂಟಿ ಮುಗಿಸಿ ಬಂದೆ. ಇವತ್ತು ಇದೇ ಮೊದಲ ಸಲ ಫೋನ್ ಮಾಡ್ತಿರೋದು."

ಅಜ್ಜಿ ಮೊಬೈಲನ್ನೇ ನೋಡುತ್ತ ನಿಂತಳು. ರಾಂಗೆಲ್ ಗಡಿಯಾರ ನೋಡಿದ. ಅಜ್ಜಿ ಸ್ಮಶಾನಕ್ಕೆ ಹೊರಟು ಎರಡು ಗಂಟೆಯಾಗಿತ್ತು. ಪಟ್ಟಣದಿಂದ ಯಾವೊರ್ನಾಕ್ಕೆ ಜೀಪಿನಲ್ಲಿ ಒಂದೂವರೆ ಗಂಟೆಯ ದಾರಿ.